ಮಾವನ ಹಳೆಯ ರಿಪೋರ್ಟು

ಪೆರ್ಲದ ಚಿಕ್ಕಪ್ಪ: (ಫಾರ್ವರ್ಡ್) ‘ಗದ್ದೆಯ ಕೆಸರಿನಲ್ಲಿ ಹೊಸ ಮಾರಕ ರೋಗಾಣು, ಬರಿಗಾಲಿನಲ್ಲಿ ಇಳಿದವರಿಗೆ ಸಾವು ಖಚಿತ.’ ಎಲ್ಲರೂ ಓದಿ, ಕೆಲಸದವರಿಗೂ ತಿಳಿಸಿ.

ಮುಳ್ಳೇರಿಯದ ಭಾವ: ಚಿಕ್ಕಪ್ಪ, ನಲುವತ್ತು ವರ್ಷ ಏಣೆಲು, ಸುಗ್ಗಿ ಎರಡೂ ಭತ್ತದ ಬೆಳೆಗಳನ್ನು ಬೆಳೆದ ನಿಮಗೆ ಏನೂ ಆಗಲಿಲ್ಲವಲ್ಲ. ಗದ್ದೆಗೆ ಇಳಿಯುವವರೇ ಸಿಗದ ಕಾಲದಲ್ಲಿ ಇದನ್ನು ಹಂಚಬೇಡಿ, ದಯವಿಟ್ಟು ಅಳಿಸಿ.

ನಾನು: ಅದರಲ್ಲಿ ‘ಹೊಸ’ ಎಂಬುದೂ ಸುಳ್ಳು, ‘ಖಚಿತ’ ಎಂಬುದೂ ಸುಳ್ಳು; ಕೆಸರಿನಲ್ಲಿ ರೋಗಾಣು ಇರುತ್ತದೆ ಎಂಬುದು ಮಾತ್ರ ಸುಳ್ಳಲ್ಲ, ಭಾವ. ಇದು ಮೆಲಿಯಾಯ್ಡೋಸಿಸ್ ಎಂಬ ಸೋಂಕು ರೋಗ ತರುವ ಬುರ್ಖೋಲ್ಡೇರಿಯಾ ಸ್ಯೂಡೋಮಲ್ಲೈ ಎಂಬ ಬ್ಯಾಕ್ಟೀರಿಯಾ ಇರಬೇಕು. ಬರ್ಮಾದ ರಂಗೂನಿನಲ್ಲಿ ವೈದ್ಯರಾದ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಇದನ್ನು ಗುರುತಿಸಿ 1912ರಲ್ಲೇ ಬರೆದಿದ್ದಾರೆ. ಅವರು ಕಂಡ ರೋಗಿಗಳಲ್ಲಿ ಹಲವರು ಮಾರ್ಫೀನ್ ಚಟದಿಂದ ಸೊರಗಿದವರು. ಇದು ಅವಕಾಶವಾದಿ ಬ್ಯಾಕ್ಟೀರಿಯಾ. ಚಿಕ್ಕಪ್ಪನಂಥ ಗಟ್ಟಿ ಆಳುಗಳನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಅಥವಾ ಅತಿಯಾದ ಕುಡಿತ ಇದ್ದವರಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಶ್ವಾಸಕೋಶ, ಯಕೃತ್ತು, ಗುಲ್ಮಗಳಲ್ಲಿ ಕೀವುಗಟ್ಟಿಸುತ್ತದೆ.

ಮುಳ್ಳೇರಿಯದ ಭಾವ: ಅಷ್ಟು ಹಳೆಯದಾದರೆ ನಮ್ಮ ಲ್ಯಾಬುಗಳ ರಿಪೋರ್ಟಿನಲ್ಲಿ ಅದರ ಹೆಸರು ಒಮ್ಮೆಯಾದರೂ ಕಾಣಬೇಕಿತ್ತು. ನಾನಂತೂ ಕಂಡಿಲ್ಲ.

ನಾನು: ಕಾಣದಿರುವುದಕ್ಕೆ ಕಾರಣ ಅದು ಇಲ್ಲದಿರುವುದಲ್ಲ, ಬೇರೆ ಹೆಸರಿನಲ್ಲಿ ಹೋಗುವುದು. 1992ರವರೆಗೆ ಇದೂ ಸ್ಯೂಡೋಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಕುಲದಲ್ಲೇ ಇತ್ತು. ಮೊದಲ ದಿನ ಬ್ಲಡ್ ಅಗಾರ್ (ರಕ್ತ ಬೆರೆಸಿ ಬ್ಯಾಕ್ಟೀರಿಯಾ ಬೆಳೆಸುವ) ತಟ್ಟೆಯಲ್ಲಿ ಸಣ್ಣ ಬಿಳಿ ಚುಕ್ಕೆಯಷ್ಟೇ ಕಾಣುವುದರಿಂದ, ಗಡಿಬಿಡಿಯಲ್ಲಿರುವವರು ‘ಸ್ಯೂಡೋಮೊನಾಸ್ ಪ್ರಭೇದ’ ಎಂದೋ ಹೊರಗಿನಿಂದ ಬಿದ್ದ ಕಲ್ಮಶವೆಂದೋ ಬರೆದು ತಟ್ಟೆಯನ್ನು ಎಸೆದುಬಿಡುತ್ತಾರೆ. ಮೂರು–ನಾಲ್ಕು ದಿನ ತಾಳ್ಮೆಯಿಂದ ಇಟ್ಟರೆ ಅದೇ ಚುಕ್ಕೆ, ಚಾಪೆಯ ಮೇಲೆ ಬಿಸಿಲಿಗೆ ಹಾಕಿದ ಹಲಸಿನ ಹಪ್ಪಳದಂತೆ ಒಣಗಿ ಸುಕ್ಕುಗಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಡ್ಡಿಯಾಕಾರದ ಈ ಬ್ಯಾಕ್ಟೀರಿಯಾದ ಎರಡು ತುದಿಗಳಷ್ಟೇ ಗಾಢ ಬಣ್ಣ ಹಿಡಿದು ಸೇಫ್ಟಿ ಪಿನ್ನಿನಂತೆ ಕಾಣುತ್ತದೆ, ಆದರೆ ಅದೊಂದನ್ನೇ ನಂಬುವಂತಿಲ್ಲ.

ಮುಳ್ಳೇರಿಯದ ಭಾವ: ಹಾಗಾದರೆ ಲಕ್ಷಗಟ್ಟಲೆ ಬೆಲೆಯ ಯಂತ್ರವಿಲ್ಲದ ಸಣ್ಣ ಲ್ಯಾಬಿನವರನ್ನು ದೂರುವುದು ನ್ಯಾಯವಲ್ಲ.

ನಾನು: ಯಂತ್ರವೂ ಕೆಲವೊಮ್ಮೆ ಇದನ್ನು ಇದರದೇ ಕುಲದ ಬುರ್ಖೋಲ್ಡೇರಿಯಾ ಸೆಪೇಸಿಯಾ ಎಂದು ತಪ್ಪಾಗಿ ಹೇಳುತ್ತದೆ, ಭಾವ. ಸಂಶಯ ಮೂಡಲು ಆಕ್ಸಿಡೇಸ್ ಎಂಬ ಬಣ್ಣ ಬದಲಾವಣೆಯ ಸರಳ ಪರೀಕ್ಷೆ ಮತ್ತು ತಟ್ಟೆಯ ಮೇಲಿಡುವ, ಆಂಟಿಬಯಾಟಿಕ್ ಹಚ್ಚಿದ ಮೂರು ಕಾಗದದ ಬಿಲ್ಲೆಗಳು ಸಾಕು. ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ (ಅಂದರೆ ಬೆಳೆಯುತ್ತಲೇ ಇದ್ದು), ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗಿದರೆ ಇದೇ ಇರಬಹುದೆಂದು ಹಿಡಿಯಬೇಕು. ಸಾಮಾನ್ಯವಾಗಿ ಕಾಣುವ ಸ್ಯೂಡೋಮೊನಾಸ್ ಏರುಜಿನೋಸಾದಲ್ಲಿ ಇದು ಹೆಚ್ಚಾಗಿ ತಿರುಗುಮುರುಗು. (ಜೆಂಟಾಮೈಸಿನ್‌ಗೆ ಬಗ್ಗುವ ತಳಿಗಳು ಮಲೇಷ್ಯಾದ ಸಾರವಾಕ್‌ನಲ್ಲಿ ಸಿಕ್ಕಿವೆ, ಆದ್ದರಿಂದ ಇದನ್ನು ವೇದವಾಕ್ಯ ಮಾಡಿಕೊಳ್ಳಬಾರದು.) ಖಚಿತಪಡಿಸಲು ಪಿಸಿಆರ್ (ರೋಗಾಣುವಿನ ಡಿಎನ್‌ಎ ಗುರುತಿಸುವ ಪರೀಕ್ಷೆ) ಮಾಡಬಲ್ಲ ದೊಡ್ಡ ಲ್ಯಾಬಿಗೆ ಕಳುಹಿಸಿದರಾಯಿತು.

ನೀರ್ಚಾಲಿನ ಮಾವ: ಆಟಿ ತಿಂಗಳ ಮಳೆಯಲ್ಲಿ ನನಗೆ ಜ್ವರ ಬಂದಾಗ ಗುಲ್ಮದ ಕೀವಿನ ಮೊದಲ ರಿಪೋರ್ಟು ಕೊಟ್ಟವರೂ ‘ಸ್ಯೂಡೋಮೊನಾಸ್ ಪ್ರಭೇದ’ ಎಂದೇ ಬರೆದಿದ್ದರು. ಹತ್ತು ದಿನ ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿಯಲಿಲ್ಲ; ಮಂಗಳೂರಿಗೆ ಹೋದ ಮೇಲೆಯೇ ನೀನು ಹೇಳಿದ ಹೆಸರು ಸಿಕ್ಕಿದ್ದು. ಆ ಮೊದಲ ರಿಪೋರ್ಟಿನ ಫೋಟೋ ಹಾಕಿದ್ದೇನೆ, ನೋಡು.

ನಾನು: ಮಾವ, ಕೆಳಗಿನ ಪಟ್ಟಿಯನ್ನು ಓದಿ. ಜೆಂಟಾಮೈಸಿನ್: ಬಗ್ಗದು. ಕೊಲಿಸ್ಟಿನ್: ಬಗ್ಗದು. ಕೋ-ಅಮಾಕ್ಸಿಕ್ಲಾವ್: ಬಗ್ಗುತ್ತದೆ. ಮೂರು ಸಾಲುಗಳೂ ಅಲ್ಲೇ ಇದ್ದವು, ಜೋಡಿಸಿ ಓದಿದವರಿಲ್ಲ.

ಮುಳ್ಳೇರಿಯದ ಭಾವ: ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೂ ಚಿಕ್ಕಪ್ಪನ ಫಾರ್ವರ್ಡ್ ಅಳಿಸಲೇಬೇಕು. ಸಕ್ಕರೆ ಕಾಯಿಲೆಯವರು ಗಾಯ ಮುಚ್ಚಿಕೊಂಡು, ಬೂಟು ಹಾಕಿ ಇಳಿಯಲಿ ಎಂದು ಬರೆದರೆ ಸಾಕಿತ್ತು.

ನಾನು: ಅದನ್ನು ಒಪ್ಪುತ್ತೇನೆ. ಮಾವ, ಆಸ್ಪತ್ರೆಯಿಂದ ಬಂದ ಮೇಲೆ ಕೊಟ್ರಿಮಾಕ್ಸಜೋಲ್ ಮಾತ್ರೆಯನ್ನು ಕಡಿಮೆಯೆಂದರೆ ಮೂರು ತಿಂಗಳು ನುಂಗಬೇಕಿತ್ತು, ಮುಗಿಯಿತೇ?

ನೀರ್ಚಾಲಿನ ಮಾವ: ಜ್ವರ ಬಿಟ್ಟು ಊಟ ಸೇರತೊಡಗಿದ ಮೇಲೆ, ಹೊಟ್ಟೆ ತೊಳಸುತ್ತದೆಂದು ಎರಡನೆಯ ತಿಂಗಳಲ್ಲಿ ನಿಲ್ಲಿಸಿದೆ.

ನೀರ್ಚಾಲಿನ ಅತ್ತೆ: ನನಗೆ ಮುಗಿಯಿತೆಂದು ಹೇಳಿದ್ದರು! ಕಪಾಟಿನಲ್ಲಿ ಆರು ಸ್ಟ್ರಿಪ್ ಹಾಗೆಯೇ ಉಳಿದಿದೆ. ಇವತ್ತು ರಾತ್ರಿಯಿಂದಲೇ ಕೊಡಲೇ?

ನಾನು: ನೀವಾಗಿ ಶುರು ಮಾಡಬೇಡಿ ಅತ್ತೆ, ಮೂತ್ರಪಿಂಡದ ರಕ್ತಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು. ಆದರೆ ತಡ ಮಾಡಬೇಡಿ. ಮಾತ್ರೆ ನಡುವೆ ಬಿಟ್ಟವರಲ್ಲಿ ಇದು ಮರುಕಳಿಸುವುದುಂಟು.

ನೀರ್ಚಾಲಿನ ಅತ್ತೆ: ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಸ್ಟ್ರಿಪ್‌ಗಳನ್ನೂ ಎರಡು ರಿಪೋರ್ಟುಗಳನ್ನೂ ಚೀಲದಲ್ಲಿ ಹಾಕಿಟ್ಟೆ.