ಜುಲೈ ಕೊನೆಯಲ್ಲಿ ಕ್ಯಾಂಪರ್ ವ್ಯಾನಿನಲ್ಲಿ ಶೆಟ್‌ಲ್ಯಾಂಡ್: ಪಫಿನ್‌ಗಳು ಕಾಣಸಿಗುತ್ತವೆಯೇ?

ಪ್ರಶ್ನೆ: ಲೀಡ್ಸ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಮಕ್ಕಳ ಶಾಲೆಗೆ ಬೇಸಿಗೆ ರಜೆ ಸಿಗುವುದು ಜುಲೈ ಕೊನೆಯ ವಾರದಲ್ಲಿ. ಆಗ ಶಿವಮೊಗ್ಗದಿಂದ ಬರುವ ನನ್ನ ತಂದೆಯವರನ್ನೂ ಕರೆದುಕೊಂಡು ಬಾಡಿಗೆಯ ಕ್ಯಾಂಪರ್ ವ್ಯಾನಿನಲ್ಲಿ ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳಿಗೆ ಹೋಗಬೇಕೆಂದಿದ್ದೇವೆ. ಮಂಡಗದ್ದೆಯ ಹಕ್ಕಿಗಳನ್ನು ನೋಡುತ್ತಲೇ ಬೆಳೆದ ಅವರಿಗೆ ಪಫಿನ್ ಎಂಬ ಕಡಲಹಕ್ಕಿಯನ್ನು ನೋಡಬೇಕೆಂಬುದು ಬಹುದಿನಗಳ ಆಸೆ; ಆದರೆ ಹೆಚ್ಚು ದೂರ ನಡೆಯಲಾಗದು. ಅಷ್ಟು ತಡವಾಗಿ ಹೋದರೆ ಆ ಹಕ್ಕಿಗಳು ಇರುತ್ತವೆಯೇ? ವ್ಯಾನನ್ನು ಎಲ್ಲಿಯವರೆಗೆ ಒಯ್ಯಬಹುದು?

ಉತ್ತರ: ಉತ್ತರದ ಕಡಲು

ಇರುತ್ತವೆ, ಆದರೆ ಒಂದು ದಿನವನ್ನೂ ಕಳೆಯಬೇಡಿ. ಏಪ್ರಿಲ್‌ನಲ್ಲಿ ನೆಲಕ್ಕೆ ಬರುವ ಪಫಿನ್‌ಗಳು ಆಗಸ್ಟ್ ಮೊದಲ ದಿನಗಳ ಹೊತ್ತಿಗೆ ಬಹುಪಾಲು ಕಡಲಿಗೆ ಮರಳಿರುತ್ತವೆ. ಅಬರ್ಡೀನ್‌ನಿಂದ ಸಂಜೆ ಹೊರಡುವ ಹಡಗು ಬೆಳಿಗ್ಗೆ ಶೆಟ್‌ಲ್ಯಾಂಡಿನ ಮುಖ್ಯ ಪಟ್ಟಣವಾದ ಲೆರ್ವಿಕ್ ತಲುಪುತ್ತದೆ. ಆ ದಿನವೇ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದ ಸಂಬರಾ ಹೆಡ್ ಎಂಬ ಭೂಶಿರಕ್ಕೆ ಹೋಗಿ. ದಾರಿಯಲ್ಲಿ ರಸ್ತೆಯು ವಿಮಾನ ನಿಲ್ದಾಣದ ರನ್‌ವೇಯನ್ನೇ ಹಾದುಹೋಗುತ್ತದೆ, ಮಕ್ಕಳಿಗೆ ಅದು ಬಹಳ ಹಿಡಿಸುತ್ತದೆ. ವ್ಯಾನ್ ನಿಲ್ಲಿಸುವ ಸ್ಥಳದಿಂದ 1821ರ ದೀಪಸ್ತಂಭದವರೆಗೆ ಏರುದಾರಿಯಿದ್ದರೂ ದೂರ ಕಡಿಮೆ, ಮತ್ತು ಕಲ್ಲುಗೋಡೆಯ ಆಚೆಯ ಹುಲ್ಲಿನ ಇಳಿಜಾರಿನಲ್ಲೇ ಪಫಿನ್‌ಗಳ ಬಿಲಗಳಿವೆ. ಹಗಲಿಡೀ ಮೀನು ಹಿಡಿಯುವ ಹಕ್ಕಿಗಳು ಸಂಜೆ ಹೆಚ್ಚಾಗಿ ದಡಕ್ಕೆ ಬರುವುದರಿಂದ ತಮ್ಮ ತಂದೆಯವರನ್ನು ಆ ಹೊತ್ತಿಗೆ ಕರೆದೊಯ್ಯಿರಿ.

ಉತ್ತರ: ದ್ವೀಪಯಾತ್ರಿ

ಮೇಲಿನ ಸಲಹೆಯನ್ನು ನಾನೂ ಒಪ್ಪುತ್ತೇನೆ. ವ್ಯಾನಿನ ವಿಷಯಕ್ಕೆ ಬಂದರೆ, ಮುಖ್ಯ ದ್ವೀಪದ ಟಾಫ್ಟ್‌ನಿಂದ ಯೆಲ್ ದ್ವೀಪಕ್ಕೆ, ಅಲ್ಲಿನ ಗಚರ್‌ನಿಂದ ಬ್ರಿಟನ್ನಿನ ಉತ್ತರ ತುದಿಯ ಜನವಸತಿ ದ್ವೀಪವಾದ ಅನ್‌ಸ್ಟ್‌ಗೆ ವಾಹನ ಒಯ್ಯುವ ದೋಣಿಗಳಿವೆ. ಅಲ್ಲಿನ ಹರ್ಮನೆಸ್‌ನಲ್ಲಿ ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಗಳು ಬಂಡೆಯೇ ಬಿಳಿಯಾಗುವಷ್ಟು ಕಿಕ್ಕಿರಿದಿರುತ್ತವೆ. ಅವು ಆಗಸ್ಟ್‌ನಲ್ಲೂ ಗೂಡಿನಲ್ಲಿರುವುದರಿಂದ ಪಫಿನ್ ಹೋದ ಮೇಲೂ ನಿರಾಶೆಯಾಗದು. ಆದರೆ ಆ ಬಂಡೆಯನ್ನು ತಲುಪಲು ಜೌಗು ನೆಲದಲ್ಲಿ ಕೆಲವು ಗಂಟೆಗಳ ನಡಿಗೆ ಬೇಕು, ಆದ್ದರಿಂದ ತಂದೆಯವರಿಗೆ ಅದು ಸೂಕ್ತವಲ್ಲ. ಮೂಸಾ ಮತ್ತು ನೋಸ್ ದ್ವೀಪಗಳಿಗೆ ವ್ಯಾನ್ ಹೋಗುವುದಿಲ್ಲ. ಮೂಸಾದಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ, 13 ಮೀಟರ್ ಎತ್ತರದ ಕಲ್ಲಿನ ಗೋಪುರದ ಸಂದುಗಳಲ್ಲಿ ಗುಬ್ಬಚ್ಚಿಯಷ್ಟೇ ತೂಗುವ ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿಗಳು ಗೂಡು ಮಾಡುತ್ತವೆ ಮತ್ತು ಕತ್ತಲಾದ ಮೇಲಷ್ಟೇ ದಡಕ್ಕೆ ಬರುತ್ತವೆ.

ಹಡಗಿನಲ್ಲಿ ಅಡುಗೆ ಅನಿಲದ ಸಿಲಿಂಡರನ್ನು ಬಂದ್ ಮಾಡಿರಬೇಕು. ಪ್ರಯಾಣದ ವೇಳೆ ವಾಹನಗಳ ಅಂತಸ್ತಿಗೆ ಪ್ರವೇಶವಿಲ್ಲವಾದ್ದರಿಂದ ತಂದೆಯವರ ಔಷಧಿ ಮತ್ತು ಹೊದಿಕೆಯನ್ನು ಮೊದಲೇ ಮೇಲಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಲೀಡ್ಸ್ ಕನ್ನಡಿಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ರಾತ್ರಿ ರಸ್ತೆ ಬದಿಯಲ್ಲೇ ವ್ಯಾನ್ ನಿಲ್ಲಿಸಿ ಮಲಗಬಹುದೇ?

ಉತ್ತರ: ಉತ್ತರದ ಕಡಲು

ಸ್ಕಾಟ್‌ಲೆಂಡಿನ 2003ರ ಕಾನೂನು ನೀಡುವ ಮುಕ್ತ ಸಂಚಾರದ ಹಕ್ಕು ಮೋಟಾರು ವಾಹನಗಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಅದನ್ನು ನೆಚ್ಚಿಕೊಂಡು ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಊರಿನ ಸಮುದಾಯ ಭವನಗಳು ಮತ್ತು ದೋಣಿ ನಿಲ್ದಾಣಗಳ ಬಳಿ ವಿದ್ಯುತ್ ಸಂಪರ್ಕವಿರುವ ತಾಣಗಳಿವೆ. ಅಲ್ಲಿ ತಂಗಿದರೆ ಹಣವೂ ಊರಿಗೇ ಸೇರುತ್ತದೆ. ಒಂದೇ ವಾಹನ ಸಾಗುವಷ್ಟು ಕಿರಿದಾದ ರಸ್ತೆಗಳಲ್ಲಿ ಎದುರು ವಾಹನಕ್ಕೆ ದಾರಿ ಬಿಡಲೆಂದು ಅಗಲಿಸಿರುವ ಜಾಗಗಳಲ್ಲಿ ಮಾತ್ರ ಎಂದಿಗೂ ನಿಲ್ಲಿಸಬೇಡಿ. ಇನ್ನೊಂದು ಮಾತು: 2022ರ ಹಕ್ಕಿಜ್ವರದಲ್ಲಿ ಇಲ್ಲಿನ ಗ್ಯಾನೆಟ್ ಮತ್ತು ಸ್ಕುವಾ ಎಂಬ ಕಡಲಹಕ್ಕಿಗಳು ಅಪಾರ ಸಂಖ್ಯೆಯಲ್ಲಿ ಸತ್ತಿವೆ. ಸತ್ತ ಹಕ್ಕಿ ಕಂಡರೆ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.