ತಿರುವಿನ ಚಪ್ಪಡಿ: ದಯವಿಟ್ಟು ಎಲ್ಲರೂ ಓದಿ

ಮನೆ 7 (ರಾತ್ರಿ 11:48): ಮಲಗಿದ್ದವರು ಎದ್ದು ಓದಿ. ಅಮ್ಮನ ಕಾಲು ಆ ಚಪ್ಪಡಿ ಸಂದಿಗೆ ಹೋಯಿತು. ಯಾವ ಚಪ್ಪಡಿ ಅಂತ ಕೇಳಬೇಡಿ. ಮುರಿದ ಕಡೆ ತುಕ್ಕು ಹಿಡಿದ ಕಂಬಿ ಚಾಚಿಕೊಂಡಿದೆಯಲ್ಲ, ಅದು ಮೀನಖಂಡವನ್ನು ಸೀಳಿದೆ. ಹೊಲಿಗೆ ಹಾಕಿಸಿಕೊಂಡು ಈಗ ತಾನೇ ಬಂದೆವು. ಅಲ್ಲಿ ಕೆಂಪು ಬಟ್ಟೆ ಕಟ್ಟಿದ ಕೊಂಬೆ ಇತ್ತು. ಅದನ್ನು ಕಿತ್ತು ಗೋಡೆಗೆ ಒರಗಿಸಿದ ಮಹಾನುಭಾವರು ಯಾರು?

ಮನೆ 12: ಅಯ್ಯೋ! ಟಿಟಿ ಇಂಜೆಕ್ಷನ್ ಕೊಡಿಸಿದಿರಾ?

ಮನೆ 7: ಆಯಿತು. ಕೊಂಬೆ ತೆಗೆದವರು ಯಾರು?

ಮನೆ 3: ಇಟ್ಟವರು ಯಾರು ಅಂತಲೂ ಕೇಳಬೇಕಲ್ವಾ? ಕಾರು ತಿರುಗಿಸಲು ಜಾಗ ಬೇಡವೇ?

ಮನೆ 7: ಅಂದರೆ ನೀವೇ.

ಮನೆ 3: ಈ ಸಂದೇಶವನ್ನು ಅಳಿಸಲಾಗಿದೆ.

ಮನೆ 9: ಅಳಿಸುವ ಮೊದಲೇ ಓದಿಬಿಟ್ಟೆ 😄

ಮನೆ 22: ನಾನು ಮೊದಲಿನಿಂದಲೂ ಹೇಳುತ್ತಾ ಬಂದಿದ್ದೇನೆ. ನಮ್ಮ ಜನಕ್ಕೆ ನಾಗರಿಕ ಪ್ರಜ್ಞೆಯೇ ಇಲ್ಲ. ಕ್ರಿ.ಪೂ. 5ನೇ ಶತಮಾನದಲ್ಲಿ ಗ್ರೀಸಿನ ಅಥೆನ್ಸ್ ನಗರದ ನಾಯಕ ಪೆರಿಕ್ಲಿಸ್, ಯುದ್ಧದಲ್ಲಿ ಸತ್ತವರನ್ನು ನೆನೆಯುವ ಭಾಷಣದಲ್ಲೇ ಹೇಳಿದ್ದಾನೆ: ಊರಿನ ಕೆಲಸದಿಂದ ದೂರ ನಿಂತವನನ್ನು ನಾವು ತನ್ನ ಪಾಡಿಗಿರುವ ಮನುಷ್ಯ ಅನ್ನುವುದಿಲ್ಲ, ಕೆಲಸಕ್ಕೆ ಬಾರದವನು ಅನ್ನುತ್ತೇವೆ ಅಂತ. ಯೋಚನೆ ಮಾಡಿ.

ಮನೆ 9: ಪೆರಿಕ್ಲಿಸ್ ನಂಬರ್ ಇದ್ದರೆ ಕೊಡಿ ಸಾರ್, ಚಪ್ಪಡಿ ಹಾಕಿಸ್ತಾರಾ ಕೇಳೋಣ.

ಮನೆ 22: ಎಲ್ಲದರಲ್ಲೂ ತಮಾಷೆ ಮಾಡುವವರಿಂದಲೇ ಸಮಾಜ ಹೀಗಾಗಿದೆ.

ಮನೆ 16 (ಬೆಳಗ್ಗೆ 6:02): 🌹ಶುಭೋದಯ🌹 ಒಳ್ಳೆಯ ನಾಗರಿಕನ ಗುಣಗಳು: ಸತ್ಯ, ತಾಳ್ಮೆ, ಶಿಸ್ತು, ಸೇವೆ. ಇದನ್ನು ಹತ್ತು ಜನರಿಗೆ ಕಳುಹಿಸಿ.

ಮನೆ 9: ಕಳುಹಿಸಿದೆ. ಚಪ್ಪಡಿ ಇನ್ನೂ ಹಾಗೇ ಇದೆ.

ಮನೆ 5: ಒಂದು ನಿಮಿಷ. ಪಾಲಿಕೆಗೆ ದೂರು ಕೊಟ್ಟವರು ಯಾರಾದರೂ ಇದ್ದೀರಾ? ದೂರಿನ ಸಂಖ್ಯೆ ಹಾಕಿ.

ಮನೆ 12: ಮನೆ 14ರವರು ಕೊಟ್ಟಿದ್ದಾರೆ ಅಂದುಕೊಂಡಿದ್ದೆ.

ಮನೆ 14: ಸಂಘದವರು ಕೊಟ್ಟಿರುತ್ತಾರೆ ಅಂದುಕೊಂಡು ನಾನು ಸುಮ್ನೆ ಇದ್ದೆ.

ಕಾರ್ಯದರ್ಶಿ: ಸಂಘಕ್ಕೆ ಯಾರೂ ಬರೆದು ಕೊಟ್ಟಿಲ್ಲ. ಬಾಯಿಮಾತಿನಲ್ಲಿ ಹೇಳಿದರೆ ನಾನು ಏನು ಮಾಡಲಿ?

ಮನೆ 5: ಇದಕ್ಕೆ ಪ್ರಜ್ಞೆ ಗಿಜ್ಞೆ ಅಂತ ಬೈಯಬೇಕಾಗಿಲ್ಲ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಇಂಟರ್‌ಕಾಮಿನಲ್ಲಿ ಮಾತಾಡಿಸಿದರು. ಮಧ್ಯದಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಕೇಳಿಸುತ್ತದೆ. ಅದು ಮೊದಲೇ ರೆಕಾರ್ಡ್ ಮಾಡಿದ್ದು. ಕೇಳಿಸಿಕೊಂಡವನು ತಾನೊಬ್ಬನೇ ಅಂದುಕೊಂಡವರಲ್ಲಿ 85% ಜನ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡವರಲ್ಲಿ 31% ಮಾತ್ರ. ಎದ್ದು ಹೋಗದವರು ಕಲ್ಲುಹೃದಯದವರೇನೂ ಅಲ್ಲ. ಎಷ್ಟೋ ಜನರ ಕೈ ನಡುಗುತ್ತಿತ್ತು, ಅಂಗೈ ಬೆವತಿತ್ತು. ಆದರೂ ಕೂತೇ ಇದ್ದರು. ನಮ್ಮ ಗುಂಪಿನಲ್ಲಿ ಎಷ್ಟು ಜನ ಇದ್ದೇವೆ ನೋಡಿಕೊಳ್ಳಿ.

ಮನೆ 22: ಅಂಕಿಅಂಶದಿಂದ ಮನುಷ್ಯ ಸುಧಾರಿಸುವುದಿಲ್ಲ. ಗುಣ ಬೇಕು. ನ್ಯಾಯ, ನೇರ ಮಾತು. ಈ ಬಡಾವಣೆಯಲ್ಲಿ ನ್ಯಾಯ ಮಾತಾಡುವವನು ನಾನೊಬ್ಬನೇ. ಅದಕ್ಕೇ ಯಾರಿಗೂ ಬೇಡ.

ಮನೆ 9: ಅಥೆನ್ಸಿನದೇ ಇನ್ನೊಂದು ಕಥೆ ಕೇಳಿ ಸಾರ್. ಅಲ್ಲಿ ಮಡಕೆ ಚೂರಿನ ಮೇಲೆ ಹೆಸರು ಬರೆದು ಜನರೇ ಒಬ್ಬನನ್ನು ಹತ್ತು ವರ್ಷ ಊರಾಚೆ ಕಳುಹಿಸಬಹುದಿತ್ತು. ಅರಿಸ್ಟೈಡಿಸ್ ಅಂತ ಒಬ್ಬನಿದ್ದ, ‘ನ್ಯಾಯವಂತ’ ಅಂತಲೇ ಹೆಸರುವಾಸಿ. ಓದು ಬಾರದ ಒಬ್ಬ ಬಂದು ಅವನ ಕೈಗೇ ಚೂರು ಕೊಟ್ಟು, ಇದರ ಮೇಲೆ ಅರಿಸ್ಟೈಡಿಸ್ ಅಂತ ಬರಿ ಅಂದನಂತೆ. ಅವನು ನಿನಗೇನು ಅನ್ಯಾಯ ಮಾಡಿದ ಅಂತ ಕೇಳಿದರೆ, ಏನೂ ಇಲ್ಲ, ಎಲ್ಲಿ ಹೋದರೂ ನ್ಯಾಯವಂತ ನ್ಯಾಯವಂತ ಅನ್ನೋದು ಕೇಳಿ ಕೇಳಿ ಸಾಕಾಗಿದೆ ಅಂದನಂತೆ. ಅರಿಸ್ಟೈಡಿಸ್ ಸುಮ್ಮನೆ ತನ್ನ ಹೆಸರು ಬರೆದುಕೊಟ್ಟ.

ಮನೆ 22: ಇದು ಯಾರಿಗೆ ಹೇಳಿದ್ದು ಅಂತ ಗೊತ್ತಾಯಿತು.

ಮನೆ 22 ಗುಂಪಿನಿಂದ ಹೊರಹೋದರು.

ಕಾರ್ಯದರ್ಶಿ ಮನೆ 22 ಅನ್ನು ಸೇರಿಸಿದರು.

ಮನೆ 5: ಎಲ್ಲರಿಗೂ ಅಂತ ಹೇಳಿದರೆ ಯಾರಿಗೂ ಹೇಳಿದ ಹಾಗಲ್ಲ. ಮನೆ 14, ಇವತ್ತು ಫೋಟೊ ತೆಗೆದು ಹಾಕಿ. ಮನೆ 12, ಅದನ್ನಿಟ್ಟು ಪಾಲಿಕೆಗೆ ದೂರು ಕೊಡಿ. ಮನೆ 3, ಅಲ್ಲಿಯವರೆಗೆ ಆ ಕೊಂಬೆ ಮತ್ತೆ ನಿಲ್ಲಿಸಿ.

ಮನೆ 14: ನಾನು ಊರಲ್ಲಿಲ್ಲ. ಬಂದ ಮೇಲೆ ಖಂಡಿತ.

ಮನೆ 12: ಫೋಟೊ ಬಂದ ತಕ್ಷಣ ದೂರು ಹಾಕುತ್ತೇನೆ.

ಮನೆ 3: ಕೊಂಬೆ ನಿಲ್ಲಿಸಲು ನಾನು ರೆಡಿ. ಆದರೆ ಅಲ್ಲೊಂದು ಬಿಳಿ ಕಾರು ನಿಂತಿದೆ. ಯಾರದ್ದು?

ಮನೆ 18: ನಮ್ಮ ಬೀದಿಯದ್ದಲ್ಲ. ದಿನಾ ಯಾರೋ ನಿಲ್ಲಿಸಿ ಹೋಗುತ್ತಾರೆ.

ಮನೆ 22: ಹಾಂ! ಇದು ನೋಡಿ ನಿಜವಾದ ಸಮಸ್ಯೆ. ಹೊರಗಿನ ವಾಹನ. ನಾನು ಆಗಲೇ ಸ್ಟಿಕ್ಕರ್ ಮಾಡಿಸೋಣ ಅಂದಿದ್ದೆ.

ಮನೆ 16: 👍

ಮನೆ 14: 👍👍

ಮನೆ 7: ಕಂಬಿಯನ್ನಾದರೂ ಯಾರಾದರೂ ಬಗ್ಗಿಸುತ್ತೀರಾ?

ಕಾರ್ಯದರ್ಶಿ: ಸ್ಟಿಕ್ಕರ್ ಒಳ್ಳೆಯ ಯೋಚನೆ. ಭಾನುವಾರ ಸಭೆ ಇಡೋಣ. ಎಲ್ಲರೂ ವಾಹನದ ನಂಬರ್ ಇಲ್ಲೇ ಹಾಕಿ.

ಮನೆ 3: ಎರಡು ಕಾರು, ಒಂದು ಸ್ಕೂಟರ್.

ಮನೆ 18: ಸ್ಕೂಟರಿಗೂ ಸ್ಟಿಕ್ಕರ್ ಬೇಕಾ? ಎಲ್ಲಿ ಅಂಟಿಸುವುದು?