ಹೆತ್ತವರ ಹೊಡೆತಕ್ಕೆ ಕಾನೂನಿನಲ್ಲಿ ಮಿತಿ ಇದೆಯೇ?

ಪ್ರಶ್ನೆ (ಗಂಗಾವತಿ):
ನಮ್ಮ ಓಣಿಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಅವನ ತಂದೆ ಕರೆಂಟ್ ವೈರಿನಿಂದ ಹೊಡೆಯುತ್ತಾರೆ; ಬೆನ್ನಿನ ಮೇಲೆದ್ದ ಬಾಸುಂಡೆಗಳನ್ನು ನಾನೇ ನೋಡಿದ್ದೇನೆ. ಬಿಡಿಸಲು ಹೋದವರಿಗೆ ‘ನನ್ನ ಮಗ, ನನ್ನಿಷ್ಟ’ ಎಂಬ ಉತ್ತರ ಸಿಗುತ್ತದೆ. ಶಾಲೆಯಲ್ಲಿ ಹೊಡೆಯುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮನೆಯಲ್ಲಿ ಹೊಡೆಯಬಹುದೇ?

ಉತ್ತರ (ಬಳ್ಳಾರಿ, ವಕೀಲ):
ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ಶಾಲೆಗಷ್ಟೇ ಅನ್ವಯಿಸುತ್ತದೆ. ಹೆತ್ತವರ ಹೊಡೆತವನ್ನು ಹೆಸರಿಸಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪೋಷಕರು ಸದ್ಭಾವನೆಯಿಂದ ಮಾಡಿದ ಕೃತ್ಯ ಅಪರಾಧವಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಂ (ಹಿಂದಿನ ದಂಡ ಸಂಹಿತೆಯ 89) ಹೇಳುತ್ತದೆ, ಮತ್ತು ಹೊಡೆದವರು ಆಶ್ರಯ ಪಡೆಯುವುದು ಇದರಲ್ಲಿಯೇ. ಆದರೆ ವೈರಿನ ಹೊಡೆತವನ್ನು ಸದ್ಭಾವನೆಯೆಂದು ವಾದಿಸುವುದು ಸುಲಭವಲ್ಲ. ಬಾಲನ್ಯಾಯ ಕಾಯ್ದೆ, 2015ರ 75ನೇ ಕಲಂ, ಮಗು ಯಾರ ಸುಪರ್ದಿಯಲ್ಲಿದೆಯೋ ಅವರೇ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆಯಾಗುವಂತೆ ಹಲ್ಲೆ ನಡೆಸಿದರೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ತಂದೆತಾಯಿಯರು ಇದರಿಂದ ಹೊರಗಿಲ್ಲ.

ಉತ್ತರ (ಸಿಂಧನೂರು):
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಂಬಿ ನಾನೂ ಮಕ್ಕಳಿಗೆ ಹೊಡೆದಿದ್ದೇನೆ, ಇಂದು ಅದಕ್ಕಾಗಿ ಪಶ್ಚಾತ್ತಾಪ ಪಡುತ್ತೇನೆ. ಆದರೂ ಒಂದು ಅಳುಕಿದೆ: ಕೂಲಿಯಿಂದ ಮನೆ ನಡೆಸುವ ತಂದೆ ಜೈಲಿಗೆ ಹೋದರೆ ಆ ಹುಡುಗನಿಗೆ ಊಟ ಹಾಕುವವರು ಯಾರು?

ಉತ್ತರ (ಕೊಪ್ಪಳ, ಶಿಕ್ಷಕಿ):
ಈ ಅಳುಕಿನಿಂದಲೇ ಎಷ್ಟೋ ನೆರೆಹೊರೆಯವರು ಸುಮ್ಮನಿರುತ್ತಾರೆ. ಮನೆಯಲ್ಲಿಯೂ ಮಕ್ಕಳನ್ನು ಹೊಡೆಯುವುದನ್ನು ಮೊದಲು ನಿಷೇಧಿಸಿದ ಸ್ವೀಡನ್, 1979ರ ಆ ನಿಯಮವನ್ನು ಕುಟುಂಬ ಕಾನೂನಿನಲ್ಲಿ ಸೇರಿಸಿತೇ ಹೊರತು ಅದಕ್ಕೆಂದು ಹೊಸ ಶಿಕ್ಷೆಯನ್ನು ಗೊತ್ತುಮಾಡಲಿಲ್ಲ. ಬದಲಾಗಿ ಮನೆಮನೆಗೆ ಹೋಗುವ ಹಾಲಿನ ಪೊಟ್ಟಣಗಳ ಮೇಲೂ ಅದನ್ನು ಮುದ್ರಿಸಿ ಹೆತ್ತವರಿಗೆ ತಿಳಿಸಿತು. ನೆರೆಯ ನೇಪಾಳವೂ 2018ರಲ್ಲಿ ಇಂಥ ನಿಷೇಧ ತಂದಿತು. ನಮ್ಮಲ್ಲಿಯೂ ದೂರು ಎಂದರೆ ಜೈಲೇ ಆಗಬೇಕಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ನಿಮ್ಮ ಹೆಸರನ್ನು ಗೋಪ್ಯವಾಗಿಡಲು ಕೇಳಿಕೊಳ್ಳಿ. ಮಕ್ಕಳ ಕಲ್ಯಾಣ ಸಮಿತಿಯು ಮಗುವಿನ ಸ್ಥಿತಿಯನ್ನು ವಿಚಾರಿಸಿ, ಆಪ್ತಸಮಾಲೋಚನೆಯ ದಾರಿಯನ್ನೂ ಹಿಡಿಯಬಹುದು. ಹುಡುಗನ ತಾಯಿಯನ್ನೂ ಒಂಟಿಯಾಗಿ ಕಂಡು ಮಾತನಾಡಿಸಿ, ಏಕೆಂದರೆ ಅಂಥ ಮನೆಯಲ್ಲಿ ಪೆಟ್ಟು ತಿನ್ನುತ್ತಿರುವುದು ಮಗು ಮಾತ್ರ ಎಂದು ಹೇಳಲಾಗದು.

ಪ್ರಶ್ನೆ ಕೇಳಿದವರು:
ತಾಯಿಯ ವಿಷಯ ನನಗೆ ಹೊಳೆದಿರಲೇ ಇಲ್ಲ. ಇಂದೇ ಕರೆ ಮಾಡುತ್ತೇನೆ.